ಕರ್ನಾಟಕದಲ್ಲಿ ಜಲಕ್ರೀಡೆಯೂ ಕಾಲೇಜು ತರುಣರ ಈಜಿನ ಪಂದ್ಯಗಳೂ

೧

ಮಲ್ಲಯುದ್ಧ, ಬೇಟೆ, ಆನೆ ಕುದುರೆಗಳ ವಾಹ್ಯಾಳಿ, ಪಗಡೆ, ಚದುರಂಗ ಮೊದಲಾದ ವಿನೋದಗಳನ್ನು ಕುರಿತು ನಮ್ಮ ವಿದ್ವಾಂಸರು ಬಹುಕಾಲದಿಂದ ವಿಚಾರ ನಡೆಯಿಸಿದ್ದಾರೆ. ಇವುಗಳಿಗೆ ಶಾಸನಗಳೂ ವೀರಗಲ್ಲುಗಳೂ ಶಾಸ್ತ್ರಗ್ರಂಥಗಳೂ ಸಾಕ್ಷಿಯಾಗಿ ನಿಲ್ಲುತ್ತವೆ. ಈಜಿನ ವಿಷಯ ಹಾಗಲ್ಲ. ಅದು ಎಲ್ಲರೂ ಕಂಡುದು, ಆದರೆ ಬರೆದಿಡಲು ತಕ್ಕುದೆಂದು ಬಹುಮಂದಿ ಎಣಿಸದೆ ಹೋದುದು. ಇಂದು ವಿಶ್ವವಿದ್ಯಾಲಯಗಳಲ್ಲಿ ಪುರುಷ ವಿದ್ಯಾರ್ಥಿಗಳಿಗಾಗಿ ವರ್ಷವರ್ಷವೂ ಈಜಿನ ಮತ್ತು ಧುಮುಕಿನ ಪಂದ್ಯಗಳು ನಡೆಯುತ್ತವೆ. ಗೆದ್ದವರ ಹೆಸರು, ಅವರು ತೆಗೆದುಕೊಂಡ ಕಾಲ, ಅವರ ಕಾಲೇಜು ಇವೆಲ್ಲವೂ ದಾಖಲಾಗುತ್ತವೆ. ನಮ್ಮ ಕಾವ್ಯಗಳಲ್ಲಿ ಬರುವ ಜಲಕ್ರೀಡೆಗೂ ಈ ಪಂದ್ಯಗಳಿಗೂ ಏನಾದರೂ ಸಂಬಂಧವುಂಟೆ? ಇಲ್ಲವಾದರೆ ಈ ಪಂದ್ಯಗಳು ಎಲ್ಲಿಂದ ಬಂದುವು? ಹೊಳೆಯಿಲ್ಲದ ಒಂದು ಬಯಲುನಾಡಿನ ಊರಿಗೆ, ದೃಷ್ಟಾಂತಕ್ಕಾಗಿ ಗದಗಿನ ಬಳಿಯ ಹುಲಕೋಟಿಗೆ, ಇವುಗಳಿಂದ ಆಗಬೇಕಾದುದೇನು? ಈ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗಿದೆ.

೨

ಮೊದಲು ಶಬ್ದವನ್ನು ನೋಡೋಣ. ಕನ್ನಡದಲ್ಲಿ ಈಜು, ಈಸು ಎಂಬ ಎರಡು ರೂಪಗಳಿವೆ. ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಎರಡನೆಯದೇ ಹೆಚ್ಚಾಗಿ ಕೇಳಿಬರುತ್ತದೆ. ತೆಲುಗಿನಲ್ಲಿ ಇದು ಈದು, ತಮಿಳಿನಲ್ಲಿ ನೀಂದು, ಮಲೆಯಾಳದಲ್ಲಿ ನೀಂದುಕ, ತುಳುವಿನಲ್ಲಿ ನೀಂದುನಿ. ಇವೆಲ್ಲ ಒಂದೇ ಮೂಲದಿಂದ ಬಂದುವೆಂದೂ ಕನ್ನಡ ತೆಲುಗುಗಳಲ್ಲಿ ಮೊದಲಿನ ನಕಾರವು ಲೋಪವಾಗಿದೆಯೆಂದೂ ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ. ಆದುದರಿಂದ ಈಜುವ ಕ್ರಿಯೆಗೆ ದ್ರಾವಿಡ ಭಾಷೆಗಳು ಬೇರೆ ಬೇರೆಯಾಗುವ ಮುಂಚೆಯೇ ಹೆಸರಿದ್ದಿತೆಂಬುದು ಸ್ಪಷ್ಟ. ಆದರೆ ಪಂದ್ಯ ಎಂಬ ಮಾತಿನ ಮೂಲಾರ್ಥ ಪಣ. ಅಂದರೆ ಇಬ್ಬರು ಒಡ್ಡಿಕೊಳ್ಳುವ ಪೋಟಿ. ಅಳತೆ, ಗಡುವು, ತೀರ್ಪುಗಾರ, ದಾಖಲೆ ಇವುಗಳ ಅರ್ಥ ಆ ಮಾತಿಗೆ ತಡವಾಗಿ ಕೂಡಿಕೊಂಡಿತು. ಹೀಗೆ ಈಜು ಎಂಬ ಶಬ್ದ ಪ್ರಾಚೀನ. ಈಜಿನ ಪಂದ್ಯ ಎಂಬ ಸಂಸ್ಥೆ ಅರ್ವಾಚೀನ. ಇವೆರಡನ್ನೂ ಒಂದೆಂದು ತಿಳಿದು, ಇಂದಿನ ಕ್ರೀಡೆಗೆ ಸಾವಿರ ವರ್ಷದ ವಂಶಾವಳಿಯನ್ನು ಕಟ್ಟುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ.

೩

ಸಾಹಿತ್ಯದಲ್ಲಿ ನೀರಿನ ಆಟವು ಮೂರು ಬಗೆಯಾಗಿ ಕಾಣಬರುತ್ತದೆ.

ಮೊದಲನೆಯದು ಶೃಂಗಾರದ ಜಲಕ್ರೀಡೆ. ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ಹೇಳುವಾಗ ದಂಡಿಯು ಉದ್ಯಾನಕ್ರೀಡೆಯೊಡನೆ ಸಲಿಲಕ್ರೀಡೆಯನ್ನೂ ಸೇರಿಸಿದ್ದಾನೆ. ಅಂದಿನಿಂದ ಅಷ್ಟಾದಶ ವರ್ಣನೆಗಳಲ್ಲಿ ಇದೊಂದಾಗಿ, ಕನ್ನಡದ ಚಂಪೂಕವಿಗಳಿಗೂ ಅನಿವಾರ್ಯವಾಯಿತು. ಇಲ್ಲಿ ನೀರು ಎರಚಾಟಕ್ಕೆ, ಮುನಿಸಿಗೆ, ಅಲಂಕಾರಕ್ಕೆ ಒದಗುವ ನೆಪ. ಯಾರು ಎಷ್ಟು ದೂರ ಈಜಿದರು ಎಂಬ ಲೆಕ್ಕ ಕವಿಗೆ ಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಐದು ವಿಂಶತಿಗಳ ಆ ಮಹಾಗ್ರಂಥದಲ್ಲಿ ಮಲ್ಲವಿನೋದವು ವಿನೋದವಿಂಶತಿಯಲ್ಲಿ ಬರುತ್ತದೆ. ತೋಯಕ್ರೀಡೆಯು ವನಕ್ರೀಡೆ, ಆಂದೋಲನಕ್ರೀಡೆ, ಸೇಚನಕ್ರೀಡೆಗಳ ಸಾಲಿನಲ್ಲಿ ಕ್ರೀಡಾವಿಂಶತಿಯಲ್ಲಿ ಬರುತ್ತದೆ. ಮಲ್ಲರನ್ನು ವಯಸ್ಸು ಬಲಗಳನ್ನು ನೋಡಿ ವಿಂಗಡಿಸಿ, ಅವರ ಆಹಾರ, ಅಭ್ಯಾಸ, ಪಟ್ಟುಗಳನ್ನು ಶಾಸ್ತ್ರವಾಗಿ ಹೇಳಿದ ರಾಜನು, ನೀರಿನ ಆಟವನ್ನು ಅಂತಃಪುರದ ಸುಖದ ಸಾಲಿಗೆ ಸೇರಿಸಿದನು. ಕುಸ್ತಿಯು ನೋಡಿ ತೀರ್ಮಾನಿಸತಕ್ಕ ವಿದ್ಯೆ. ಜಲಕ್ರೀಡೆ ತಾನು ಅನುಭವಿಸತಕ್ಕ ಸುಖ. ಈ ವಿಭಾಗವೇ ಮುಂದಿನ ಚರಿತ್ರೆಯನ್ನು ಬಹುಮಟ್ಟಿಗೆ ನಿರ್ಣಯಿಸಿತೆನ್ನಬಹುದು. ಕುಸ್ತಿಗೆ ಗರಡಿಯೂ ಉಸ್ತಾದನೂ ಉಂಟಾದರು. ಈಜಿಗೆ ಅಂಥ ಮನೆ ಕಟ್ಟಲಿಲ್ಲ.

ಎರಡನೆಯದು ಬಲದ ಜಲಕ್ರೀಡೆ. ಮಹಾಭಾರತದ ಆದಿಪರ್ವದಲ್ಲಿ ಬಾಲಕ ಭೀಮನು ನೀರಾಟದ ಸಮಯದಲ್ಲಿ ಹತ್ತು ಮಂದಿ ಕೌರವ ಹುಡುಗರನ್ನು ತೋಳುಗಳಿಂದ ಅವುಚಿಕೊಂಡು ಮುಳುಗಿ, ಅವರು ಉಸಿರುಗಟ್ಟುವ ಹೊತ್ತಿಗೆ ಬಿಡುತ್ತಿದ್ದನೆಂದು ಹೇಳಿದೆ. ಗಂಗೆಯ ದಡದ ಪ್ರಮಾಣಕೋಟಿಯಲ್ಲಿ ಅವನಿಗೆ ವಿಷವಿಕ್ಕಿ ನೀರಿಗೆ ನೂಕಿದುದೂ ಒಂದು ಜಲವಿಹಾರದ ಕೊನೆಯಲ್ಲಿಯೇ. ಇಲ್ಲಿ ಪೈಪೋಟಿಯಿದೆ, ಮುಳುಗುವ ಶಕ್ತಿಯಿದೆ, ಆದರೆ ನಿಯಮವಿಲ್ಲ. ನಿಯಮವಿಲ್ಲದ ಪೈಪೋಟಿ ವೈರಕ್ಕೆ ಬೀಜವಾಗುತ್ತದೆಂಬುದನ್ನೇ ಕಥೆಯು ತೋರಿಸುತ್ತದೆ.

ಮೂರನೆಯದು ಮರೆಯಾಗುವ ವಿದ್ಯೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಜಲಸ್ತಂಭ ಮಂತ್ರದ ಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗಿರುತ್ತಾನೆ. ಭೀಮನ ಮೂದಲೆಯನ್ನು ತಾಳಲಾರದೆ ಹೊರಬರುತ್ತಾನೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ರಚಿಸಿದ ಕುಮಾರವ್ಯಾಸನೂ ಈ ಪ್ರಸಂಗವನ್ನು ವಿಸ್ತರಿಸಿದ್ದಾನೆ. ಆ ಗುಡಿಯ ಕೋನೇರಿ ತೀರ್ಥದಲ್ಲಿ ಮಿಂದು, ಒದ್ದೆಬಟ್ಟೆ ಆರುವವರೆಗೆ ಮಾತ್ರ ಕವಿಯು ಬರೆಯುತ್ತಿದ್ದನೆಂಬ ಐತಿಹ್ಯವನ್ನು ಗದುಗಿನ ಜನ ಇಂದಿಗೂ ಹೇಳುತ್ತಾರೆ. ನೀರೊಳಗೆ ಉಸಿರು ಹಿಡಿದಿರುವ ಸಾಮರ್ಥ್ಯವು ಅದ್ಭುತವಾದುದೆಂಬ ಭಾವನೆ ಈ ಪ್ರಸಂಗಕ್ಕೆ ಆಧಾರ. ಅಂಥ ಭಾವನೆಯು ನೀರಲ್ಲಿ ಮುಳುಗಿ ಬಲ್ಲ ಜನರ ನಡುವೆಯೇ ಬೆಳೆಯತಕ್ಕದ್ದು.

೪

ಕಾವ್ಯವನ್ನು ಬಿಟ್ಟು ನೆಲಕ್ಕೆ ಬರೋಣ. ಗದಗಿನ ಸುತ್ತಣದು ಎರೆಯ ಬಯಲು. ಹತ್ತಿ ಜೋಳಗಳ ನಾಡು. ಈ ಜಿಲ್ಲೆಯ ಉತ್ತರದಂಚಿನಲ್ಲಿ ಮಲಪ್ರಭೆಯೂ ದಕ್ಷಿಣದಂಚಿನಲ್ಲಿ, ಶಿರಹಟ್ಟಿ ಮುಂಡರಗಿಗಳ ಕಡೆ, ತುಂಗಭದ್ರೆಯೂ ಹರಿಯುತ್ತವೆ. ನಡುವಣ ಊರುಗಳಿಗೆ ಬಾವಿ ಕೆರೆಗಳೇ ಗತಿ. ಆದುದರಿಂದಲೇ ಇಲ್ಲಿ ನೀರಿನ ಕಟ್ಟಡಗಳು ಅಷ್ಟು ಸಂಖ್ಯೆಯಲ್ಲಿ, ಅಷ್ಟು ಚೆಲುವಿನಲ್ಲಿ ಹುಟ್ಟಿದುವು. ಅತ್ತಿಮಬ್ಬೆಯು ೧೦೦೭ರಲ್ಲಿ ಬಸದಿ ಕಟ್ಟಿಸಿದ ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿ, ಛಬ್ಬೀರ ಬಾವಿ, ಕನ್ನೆ ಬಾವಿಗಳನ್ನೂ, ಸೂಡಿಯಲ್ಲಿ ನಾಗಕುಂಡವನ್ನೂ ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಇವು ದೇವರ ನೀರು, ಊರ ನೀರು, ಪಂದ್ಯಕ್ಕೆಂದು ಕಟ್ಟಿದುವಲ್ಲ. ಲಕ್ಷ್ಮೇಶ್ವರಕ್ಕೆ ಪುಲಿಗೆರೆಯೆಂದು ಹೆಸರಾದುದರಲ್ಲಿಯೂ, ತಿರುಳ್ಗನ್ನಡದ ಎಲ್ಲೆಯಾಗಿ ಕವಿರಾಜಮಾರ್ಗವು ಎಣಿಸಿದ ಆ ಪಟ್ಟಣದ ಹೆಸರಿನಲ್ಲಿಯೂ, ಕೆರೆಯೇ ಅಡಗಿದೆ.

ಹೊಲದ ಬಾವಿಯ ಕಥೆ ಬೇರೆ. ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಹಿರಿಯನೊಬ್ಬನು ಮೇಲೆ ನಿಂತು ಹುಡುಗನನ್ನು ನೀರಿಗಿಳಿಸುತ್ತಿದ್ದನು. ಬುರುಡೆ ಬಿಟ್ಟ ಮೇಲೆ ಬಾವಿಯ ದಂಡೆಯಿಂದ ಜಿಗಿತ, ಮಟ್ಟಿಲಿನಿಂದ ಲಾಗ, ತಳದಿಂದ ಮಣ್ಣು ತರುವ ಪಣ. ಬಾವಿ ಅಗಲದಲ್ಲಿ ಚಿಕ್ಕದು, ಆಳದಲ್ಲಿ ದೊಡ್ಡದು. ಆದುದರಿಂದ ಬಯಲುನಾಡಿನ ಹುಡುಗನು ದೂರ ಈಜುವುದಕ್ಕಿಂತ ಮೇಲಿನಿಂದ ಬೀಳುವುದರಲ್ಲಿಯೂ ಕೆಳಗೆ ಮುಳುಗುವುದರಲ್ಲಿಯೂ ಜಾಣನಾದನು. ಹೊಳೆಯ ದಂಡೆಯ ಅಂಬಿಗನದು ಇದಕ್ಕೆ ವಿರುದ್ಧ. ಹರಿಗೋಲು ಮಗುಚಿದರೆ ಸೆಳವನ್ನು ಓರೆಯಾಗಿ ಹಾಯ್ದು ದಡ ಮುಟ್ಟುವುದೇ ಅವನ ವಿದ್ಯೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಪಾಯಸನು ಆನೆಗೊಂದಿಯ ಹಾಯಿಗಡದ ದುಂಡು ಹರಿಗೋಲುಗಳನ್ನು ವರ್ಣಿಸಿದ್ದಾನೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಹೆಸರೇ ಅವನ ಕಾಯಕವನ್ನು ಸಾರುತ್ತದೆ. ನೀರಿಗೆ ಬಿದ್ದ ಕೊಡವನ್ನೂ, ಕೆಲವು ವೇಳೆ ಮುಳುಗಿದವರ ದೇಹವನ್ನೂ ತೆಗೆಯಬಲ್ಲವರು ಊರೂರಲ್ಲಿದ್ದರು. ಇವರ ಕೌಶಲ್ಯಕ್ಕೆ ಬಹುಮಾನವಿರಲಿಲ್ಲ, ಬರಹವಿರಲಿಲ್ಲ, ಕೇವಲ ಅವಶ್ಯಕತೆಯಿತ್ತು.

೫

ಇನ್ನು ಕಾಲೇಜು ಪಂದ್ಯಗಳ ಮೂಲವನ್ನು ನೋಡಬೇಕು. ಅಳತೆಯ ಈಜು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ೧೮೯೬ರ ಅಥೆನ್ಸಿನ ಒಲಿಂಪಿಕ್ ಕೂಟದಲ್ಲಿ ಈಜುಗಾರರು ಕಡಲಿನಲ್ಲಿಯೇ ಈಜಿದರು. ೧೯೦೦ರಲ್ಲಿ ಪ್ಯಾರಿಸಿನ ಸೇನ್ ನದಿಯಲ್ಲಿ. ೧೯೦೪ರಲ್ಲಿ ಸೇಂಟ್ ಲೂಯಿಯಲ್ಲಿ ಧುಮುಕು ಸೇರಿತು. ೧೯೦೮ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಕೊಳದಲ್ಲಿ ಪಂದ್ಯ ನಡೆದು, ಅದೇ ವರ್ಷ ಅಂತಾರಾಷ್ಟ್ರೀಯ ಈಜು ಸಂಘವೂ ಸ್ಥಾಪಿತವಾಯಿತು. ಹರಿಯುವ ನೀರು ಹೋಗಿ ನಿಂತ ನೀರು ಬಂದುದೇ ಇಲ್ಲಿಯ ಮುಖ್ಯ ಘಟನೆ. ನೀರು ನಿಂತ ಮೇಲೆಯೇ ಕಾಲವನ್ನು ಹೋಲಿಸಲು ಸಾಧ್ಯ.

ಕಾಲೇಜುಗಳ ಪುರುಷರಿಗಾಗಿಯೇ ದೇಶವ್ಯಾಪಿಯಾದ ಈಜು-ಧುಮುಕಿನ ಪ್ರಶಸ್ತಿಯು ಅಮೇರಿಕದಲ್ಲಿ ೧೯೨೪ರಲ್ಲಿ, ಅನಾಪೊಲಿಸಿನ ನೌಕಾ ವಿದ್ಯಾಲಯದಲ್ಲಿ ಮೊದಲಾಯಿತು. ಆರಂಭದಲ್ಲಿ ವ್ಯಕ್ತಿಗಳಿಗೆ ಮಾತ್ರ ಪದವಿ. ೧೯೩೭ರಿಂದ ಅಂಕಗಳನ್ನು ಕೂಡಿಸಿ ಕಾಲೇಜಿಗೆ ಅಧಿಕೃತವಾಗಿ ಪ್ರಶಸ್ತಿಯನ್ನು ಕೊಡತೊಡಗಿದರು, ಮಿಶಿಗನ್ ವಿಶ್ವವಿದ್ಯಾಲಯವು ಅದನ್ನು ಮೊದಲು ಪಡೆಯಿತು. ಸ್ತ್ರೀಯರ ಪಂದ್ಯವನ್ನು ಅದೇ ಸಂಘವು ನಡೆಯಿಸಿದುದು ೧೯೮೨ರಲ್ಲಿ, ಅಂದರೆ ಐವತ್ತೆಂಟು ವರ್ಷಗಳ ಮೇಲೆ. ೧೯೩೭ರ ಬದಲಾವಣೆಯು ಚಿಕ್ಕದಾಗಿ ಕಂಡರೂ ಅದರ ಪರಿಣಾಮ ದೊಡ್ಡದು. ಅಲ್ಲಿಯವರೆಗೆ ಪ್ರತಿಭೆಯುಳ್ಳ ತರುಣನೊಬ್ಬನಿದ್ದರೆ ಸಾಕಾಗಿತ್ತು. ಇನ್ನು ಮುಂದೆ ಕೊಳ, ಶಿಕ್ಷಕ, ಬಗೆಬಗೆಯ ಈಜಿನಲ್ಲಿ ಪಳಗಿದ ಇಡಿಯ ತಂಡ, ಧುಮುಕುಗಾರರು ಎಲ್ಲವೂ ಬೇಕಾದುವು. ಓಹೈಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮೈಕ್ ಪೆಪ್ಪೆ ಎಂಬ ಶಿಕ್ಷಕನು ೧೯೪೩ರಿಂದ ೧೯೬೨ರವರೆಗೆ ಹನ್ನೊಂದು ಪ್ರಶಸ್ತಿಗಳನ್ನು ತಂದುದರಲ್ಲಿ ಧುಮುಕಿನ ಅಂಕಗಳ ಪಾಲು ಸಣ್ಣದಲ್ಲ.

ಈ ಪಂದ್ಯಗಳ ಹಳೆಯ ಪಟ್ಟಿಗಳನ್ನು ಓದುವವರು ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಅಮೇರಿಕದ ಕಾಲೇಜು ಕೊಳಗಳ ಉದ್ದ ಸಾಮಾನ್ಯವಾಗಿ ೨೫ ಗಜ, ಎಂದರೆ ೨೨.೮೬ ಮೀಟರು, ಒಲಿಂಪಿಕ್ ಕೊಳದ್ದು ೫೦ ಮೀಟರು. ಗಿಡ್ಡ ಕೊಳದಲ್ಲಿ ಗೋಡೆಯನ್ನು ಒದೆಯುವ ಅವಕಾಶ ಹೆಚ್ಚು, ಆದುದರಿಂದ ವೇಗವೂ ಹೆಚ್ಚು. ಎರಡು ಕಾಲಗಳನ್ನು ಎದುರೆದುರಿಗೆ ಇಟ್ಟು ಹೋಲಿಸುವುದು, ಎರಡು ನಾಡುಗಳ ಮತ್ತರುಗಳನ್ನು ಒಂದೇ ಅಳತೆಯೆಂದು ಭಾವಿಸಿ ಶಾಸನಗಳನ್ನು ಓದಿದಂತೆ. ಎರಡನೆಯದಾಗಿ, ಅಂಕಿಯೂ ಸಾಕ್ಷಿಯೇ ಹೊರತು ತೀರ್ಪಲ್ಲ. ೧೯೬೦ರ ರೋಮಿನ ಒಲಿಂಪಿಕ್ ಕೂಟದ ನೂರು ಮೀಟರ್ ಮುಕ್ತ ಈಜಿನಲ್ಲಿ ಅಮೇರಿಕದ ಲಾನ್ಸ್ ಲಾರ್ಸನನಿಗೆ ಮೂವರು ಕಾಲಮಾಪಕರು ೫೫.೦, ೫೫.೧, ೫೫.೧ ಸೆಕೆಂಡುಗಳನ್ನು ಬರೆದರು. ಆಸ್ಟ್ರೇಲಿಯದ ಜಾನ್ ಡೆವಿಟ್ಟನಿಗೆ ಮೂವರೂ ೫೫.೨ ಎಂದು ಬರೆದರು. ಆದರೂ ಕಣ್ಣಿನಿಂದ ನೋಡುವ ತೀರ್ಪುಗಾರರಲ್ಲಿ ಭಿನ್ನಾಭಿಪ್ರಾಯ ಬಂದು, ಮುಖ್ಯ ತೀರ್ಪುಗಾರನು ಡೆವಿಟ್ಟನಿಗೇ ಚಿನ್ನದ ಪದಕವನ್ನು ಕೊಟ್ಟನು. ಲಾರ್ಸನನ ಕಾಲವನ್ನು ೫೫.೨ ಎಂದು ತಿದ್ದಲಾಯಿತು. ತೀರ್ಪಿಗೆ ತಕ್ಕಂತೆ ದಾಖಲೆಯು ತಿದ್ದಲ್ಪಟ್ಟ ಈ ಪ್ರಸಂಗವನ್ನು ಚರಿತ್ರಕಾರರು ಮರೆಯಲಾಗದು. ವಿದ್ಯುದ್ಯಂತ್ರಗಳಿಂದ ಕಾಲವನ್ನು ಅಳೆಯುವ ಪದ್ಧತಿಯು ಇಂಥ ಕಲಹಗಳ ಫಲವೇ ಆಗಿದೆ.

ಇನ್ನೊಂದು ಸಂಗತಿ ನಮಗೆ ವಿಶೇಷವಾಗಿ ಆಸಕ್ತಿಕರವಾದುದು. ೧೯೦೪ರ ಒಲಿಂಪಿಕ್ ಕೂಟದಲ್ಲಿಯೂ ಅಮೇರಿಕದ ಅಂದಿನ ಕಾಲೇಜುಗಳಲ್ಲಿಯೂ ದೂರಧುಮುಕು ಎಂಬ ಪಂದ್ಯವೊಂದಿತ್ತು. ನೀರಿಗೆ ಹಾರಿದವನು ಕೈಕಾಲು ಆಡಿಸದೆ, ಮುಖವನ್ನು ಎತ್ತದೆ, ಒಂದು ನಿಮಿಷದೊಳಗೆ ಎಷ್ಟು ದೂರ ತೇಲಿಹೋಗುವನೆಂಬುದೇ ಅಲ್ಲಿಯ ಪರೀಕ್ಷೆ. ಒಲಿಂಪಿಕ್ಕಿನಲ್ಲಿ ಒಮ್ಮೆ ಮಾತ್ರ ನಡೆದ ಆ ಪಂದ್ಯವನ್ನು ವಿಲಿಯಂ ಡಿಕಿ ೬೨ ಅಡಿ ೬ ಅಂಗುಲ ಹೋಗಿ ಗೆದ್ದನು. ನೋಡುವವರಿಗೆ ಬೇಸರವೆಂದು ಮುಂದೆ ಅದನ್ನು ಬಿಟ್ಟರು. ಉಸಿರು ಹಿಡಿದು ಅಲುಗದೆ ಇರುವ ಶಕ್ತಿಯನ್ನು ಅಲ್ಲಿ ಗಜಕೋಲಿನಿಂದ ಅಳೆದರು; ಇಲ್ಲಿ ಅದು ದುರ್ಯೋಧನನ ಜಲಸ್ತಂಭವಾಗಿ ಕಾವ್ಯಕ್ಕೆ ಸೇರಿತು. ಒಂದರಿಂದ ಒಂದು ಹುಟ್ಟಿತೆಂದು ಹೇಳುವುದು ಹುಚ್ಚುತನ; ಆದರೆ ಒಂದೇ ಮಾನವಶಕ್ತಿಯು ಎರಡು ಸಮಾಜಗಳಲ್ಲಿ ಯಾವ ಯಾವ ರೂಪ ತಾಳಿತೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೬

ಭಾರತದಲ್ಲಿ ಅಂತರವಿಶ್ವವಿದ್ಯಾಲಯ ಮಂಡಲಿಯು ೧೯೨೫ರಲ್ಲಿ ಹುಟ್ಟಿತು. ವಿಶ್ವವಿದ್ಯಾಲಯಗಳ ನಡುವಣ ಪಂದ್ಯಗಳಲ್ಲಿ ೧೯೩೫-೩೬ರಲ್ಲಿ ಮೊದಲಾದ ರೋಹಿಂಟನ್ ಬಾರಿಯಾ ಕ್ರಿಕೆಟ್ ಪಂದ್ಯವು ಪ್ರಸಿದ್ಧವಾದುದು; ಈಜು, ಧುಮುಕು, ಜಲಪೋಲೋಗಳು ಆ ಸಾಲಿಗೆ ಮುಂದೆ ಕೂಡಿಕೊಂಡುವು. ೧೯೫೧ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯಾ ಕ್ರೀಡಾಕೂಟದಲ್ಲಿ ಸಚಿನ್ ನಾಗ್ ನೂರು ಮೀಟರ್ ಮುಕ್ತ ಈಜಿನಲ್ಲಿಯೂ ಕೆ. ಪಿ. ಠಕ್ಕರ್ ಧುಮುಕಿನ ಎರಡೂ ಪುರುಷ ಪಂದ್ಯಗಳಲ್ಲಿಯೂ ಚಿನ್ನ ಗೆದ್ದರು. ಎಲ್ಲ ಕ್ರೀಡೆಗಳನ್ನೂ ಕೂಡಿಸಿ ಶ್ರೇಷ್ಠ ವಿಶ್ವವಿದ್ಯಾಲಯಕ್ಕೆ ಕೊಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಪಾರಿತೋಷಕವು ೧೯೫೬-೫೭ರಲ್ಲಿ ಸ್ಥಾಪಿತವಾಯಿತು.

ಕನ್ನಡ ನಾಡಿನ ಕಾಲೇಜುಗಳು ಅಂದು ಒಂದೇ ಛತ್ರದಡಿಯಲ್ಲಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯವು ೧೯೧೬ರಲ್ಲಿ ಹುಟ್ಟಿತು. ಧಾರವಾಡದ ಕರ್ನಾಟಕ ಕಾಲೇಜು ೧೯೧೭ರಲ್ಲಿಯೂ ಬೆಳಗಾವಿಯ ಲಿಂಗರಾಜ ಕಾಲೇಜು ೧೯೩೩ರಲ್ಲಿಯೂ ಮೊದಲಾಗಿ, ಎರಡೂ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದುವು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪಿತವಾದ ಮೇಲೆಯೇ ಈ ಭಾಗದ ತರುಣರು ತಮ್ಮ ನಾಡಿನ ಹೆಸರಿನಲ್ಲಿ ಸ್ಪರ್ಧೆಗೆ ನಿಲ್ಲುವಂತಾಯಿತು. ಹುಲಕೋಟಿಯ ಗ್ರಾಮೀಣ ಇಂಜಿನಿಯರಿಂಗ್ ಕಾಲೇಜು ೧೯೮೦ರಲ್ಲಿ ಆರಂಭವಾಗಿ, ೧೯೯೮ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಅಧೀನಕ್ಕೆ ಬಂದಿತು. ಹೀಗೆ ವಿಶ್ವವಿದ್ಯಾಲಯದ ಎಲ್ಲೆ ಬದಲಾದಾಗಲೆಲ್ಲ ಪಂದ್ಯದ ವ್ಯಾಪ್ತಿಯೂ ಬದಲಾಗಿದೆ; ಇತಿಹಾಸವನ್ನು ಬರೆಯುವವರು ಮೊದಲು ಈ ಎಲ್ಲೆಗಳನ್ನು ಗುರುತಿಸಿಕೊಳ್ಳಬೇಕು.

ಇತ್ತೀಚಿನ ವೃತ್ತಾಂತವು ಕರ್ನಾಟಕಕ್ಕೆ ಹೆಮ್ಮೆಯದು. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟದ ಮೊದಲ ಆವೃತ್ತಿ ೨೦೨೦ರಲ್ಲಿ ಭುವನೇಶ್ವರದಲ್ಲಿ ನಡೆಯಿತು. ಎರಡನೆಯದು ೨೦೨೨ರಲ್ಲಿ ಬೆಂಗಳೂರಿನಲ್ಲಿ. ಆ ಕೂಟದಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯವು ಇಪ್ಪತ್ತು ಚಿನ್ನದ ಪದಕಗಳೊಡನೆ ಅಗ್ರಸ್ಥಾನವನ್ನು ಪಡೆಯಿತು. ಅವುಗಳಲ್ಲಿ ಏಳನ್ನು ಈಜುಗಾರ ಶಿವ ಶ್ರೀಧರ್ ಒಬ್ಬರೇ ತಂದರು. ಅದಕ್ಕೆ ಹಿಂದಿನ ವರ್ಷ ಬೆಂಗಳೂರಿನ ಶ್ರೀಹರಿ ನಟರಾಜ್ ರೋಮಿನಲ್ಲಿ ನೂರು ಮೀಟರ್ ಬೆನ್ನೀಜನ್ನು ೫೩.೭೭ ಸೆಕೆಂಡುಗಳಲ್ಲಿ ಮುಗಿಸಿ ಟೋಕಿಯೋ ಒಲಿಂಪಿಕ್ಕಿಗೆ ನೇರವಾಗಿ ಅರ್ಹರಾಗಿದ್ದರು. ಆದರೆ ಈ ಯಶಸ್ಸು ಎಲ್ಲಿಯದೆಂಬುದನ್ನು ಗಮನಿಸಬೇಕು: ಕೊಳಗಳೂ ಶಿಕ್ಷಕರೂ ಕೂಡಿರುವ ರಾಜಧಾನಿಯದು. ೧೯೩೭ರಲ್ಲಿ ಅಮೇರಿಕದಲ್ಲಿ ಕಂಡ ನಿಯಮವು ಇಲ್ಲಿಯೂ ನಿಜವಾಗಿದೆ: ಪ್ರಶಸ್ತಿಯು ತರುಣನಿಗಿಂತ ಮೊದಲು ಕೊಳವನ್ನು ಹುಡುಕುತ್ತದೆ.

೭

ಈಗ ಹುಲಕೋಟಿಯ ಪ್ರಶ್ನೆಗೆ ಬರೋಣ. ಐವತ್ತು ಮೀಟರ್ ಉದ್ದ, ಇಪ್ಪತ್ತೈದು ಮೀಟರ್ ಅಗಲ, ಎರಡು ಮೀಟರ್ ಆಳದ ಕೊಳಕ್ಕೆ ಇಪ್ಪತ್ತೈದು ಲಕ್ಷ ಲೀಟರು ನೀರು ಬೇಕು. ಮಳೆ ಕಡಿಮೆಯಾದ ನಾಡಿನಲ್ಲಿ ಇದು ಕೇವಲ ಕ್ರೀಡೆಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಕುಡಿಯುವ ನೀರಿಗೆ ಊರು ಕಾಯುವಾಗ ಪಂದ್ಯಕ್ಕೆ ಕೊಳ ತುಂಬುವುದು ಸಲ್ಲದೆಂಬ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಇನ್ನೊಂದು ಪಕ್ಷವೂ ಇದೆ. ಹೊಲದ ತೆರೆದ ಬಾವಿಯ ಸ್ಥಾನವನ್ನು ಕೊಳವೆಬಾವಿ ತೆಗೆದುಕೊಂಡಿತು; ಸೋರೆಬುರುಡೆಯ ಗುರುಪರಂಪರೆ ಅದರೊಡನೆ ಕ್ಷೀಣಿಸಿತು. ಅದೇ ಕಾಲದಲ್ಲಿ ಹೊಸ ನೀರು ಹೊಲಕ್ಕೆ ಬಂದಿತು. ೨೦೧೪ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಬಯಲುಸೀಮೆಯಲ್ಲಿ ಕೃಷಿಹೊಂಡಗಳು ಹೆಚ್ಚಿದುವು. ಇವುಗಳ ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರೆ ಒದ್ದೆಯಾದೊಡನೆ ಕಾಲು ನಿಲ್ಲದು. ಬಿದ್ದವನಿಗೆ ಹಿಡಿಯಲು ಕಲ್ಲಿನ ಮೆಟ್ಟಿಲೂ ಇರದು. ನೀರು ಹತ್ತಿರ ಬಂದಿತು, ನೀರಿನ ವಿದ್ಯೆ ದೂರವಾಯಿತು. ಜಗತ್ತಿನಲ್ಲಿ ೨೦೨೧ರ ಒಂದೇ ವರ್ಷದಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಅವರಲ್ಲಿ ಮಕ್ಕಳೂ ತರುಣರೂ ಬಹುಮಂದಿ. ಈಜು ಬಲ್ಲ ಕಾಲೇಜು ತರುಣನೊಬ್ಬನು ಊರಲ್ಲಿರುವುದು ಪಾರಿತೋಷಕಕ್ಕಿಂತ ಹೆಚ್ಚಿನ ಲಾಭವೆಂಬುದನ್ನು ವಾದಿಸಿ ತೋರಿಸಬೇಕಾಗಿಲ್ಲ.

ಈ ನಾಡಿಗೆ ಪರಿಹಾರದ ಮಾದರಿಯೂ ಹೊಸದಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಹಕಾರಿ ಸಂಘವನ್ನು ಸ್ಥಾಪಿಸಿ ದೇಶಕ್ಕೆ ದಾರಿ ತೋರಿಸಿದವರು ಇಲ್ಲಿಯ ಒಕ್ಕಲಿಗರು. ಹುಲಕೋಟಿಯೂ ಸಹಕಾರಕ್ಕೆ ಹೆಸರಾದ ಊರು. ಒಂದೊಂದು ಕಾಲೇಜು ಒಂದೊಂದು ಕೊಳವನ್ನು ಕಟ್ಟುವುದು ಅಶಕ್ಯ, ಅನುಚಿತ. ಹಲವು ಕಾಲೇಜುಗಳೂ ಶಾಲೆಗಳೂ ಕೂಡಿ, ಬಳಸಿದ ನೀರನ್ನೇ ಶುದ್ಧಿಮಾಡಿ ಮತ್ತೆ ಬಳಸುವ ಇಪ್ಪತ್ತೈದು ಮೀಟರಿನ ಒಂದು ಕೊಳವನ್ನು ಸಮನಾಗಿ ನಡೆಯಿಸುವುದು ಶಕ್ಯ. ಆರು ಸಾಲಿನ ಅಂಥ ಕೊಳಕ್ಕೆ ಐದು ಲಕ್ಷ ಲೀಟರಿನ ಒಳಗೆಯೇ ನೀರು ಸಾಕು, ಎಂದರೆ ದೊಡ್ಡ ಕೊಳದ ಐದರಲ್ಲೊಂದು ಪಾಲು. ಅಲ್ಲಿ ಮೊದಲು ಕಲಿಸಬೇಕಾದುದು ತೇಲುವುದು, ದಡ ಮುಟ್ಟುವುದು, ಮುಳುಗುವವನನ್ನು ಎಳೆದು ತರುವುದು. ಪಂದ್ಯ ಅದರ ಮೇಲೆ ಬರಲಿ.

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಕಾವ್ಯದ ಜಲಕ್ರೀಡೆಯು ಇಂದಿನ ಪಂದ್ಯದ ತಾಯಿಯಲ್ಲ. ಪಂದ್ಯವು ನಿಂತ ನೀರು, ಗಡಿಯಾರ, ದಾಖಲೆ ಪುಸ್ತಕ ಇವುಗಳಿಂದ ಹುಟ್ಟಿ, ವಿಶ್ವವಿದ್ಯಾಲಯದ ಮೂಲಕ ನಮಗೆ ಬಂದುದು. ಆದರೆ ಧುಮುಕಿನ ಧೈರ್ಯವೂ ಮುಳುಗಿನ ಸಹನೆಯೂ ಬಾವಿಯ ದಂಡೆಯಲ್ಲಿ ಅದಕ್ಕೂ ಮುಂಚೆ ಇದ್ದುವು. ದಾಖಲೆ ಪುಸ್ತಕವು ಗೆದ್ದವರನ್ನು ಉಳಿಸಿತು; ಕಲಿಸಿದವರನ್ನೂ ಕಾಪಾಡಿದವರನ್ನೂ ಉಳಿಸಲಿಲ್ಲ. ಸಾಹಿತ್ಯದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಊರೂರಿನ ಈಜಿನ ಮಾತುಗಳನ್ನೂ, ಲಾಗಗಳ ಹೆಸರುಗಳನ್ನೂ, ಬಾವಿಗಳ ಕಥೆಗಳನ್ನೂ ಬರೆಯಿಸಿ, ಕಾಲೇಜುಗಳ ಹಳೆಯ ಕ್ರೀಡಾ ವರದಿಗಳೊಡನೆ ಕೂಡಿಸಿದರೆ ಈ ಚರಿತ್ರೆಯ ಎರಡು ದಡಗಳೂ ಒಂದಾಗುವುವು. ಆ ಹುಡುಗರ ಅಜ್ಜಂದಿರು ಇನ್ನೂ ಇರುವಾಗಲೇ ಈ ಕೆಲಸ ಆಗತಕ್ಕದ್ದು.